ಮಂಗಳ ಹಾಡದ ಗೆಜ್ಜೆ

ಜನವರಿ ೬, ಸೋಮವಾರ

ಇವತ್ತು ಮನೆಗೆ ಸಿನಿಮಾದವರು ಬಂದಿದ್ದರು. ಅವರು ಬಾಗಿಲು ಬಡಿದ ಹೊತ್ತಿಗೆ ಒಲೆಯ ಮೇಲೆ ಹಾಲಿತ್ತು, ಉಕ್ಕಿ ಹರಿಯಿತು. ನನ್ನ ಸಿಟ್ಟು ಅಲ್ಲಿಂದಲೇ ಶುರು.

ಬಂದವನು ಮಲ್ಲಿನಾಥ. ಅವನ ತಾಯಿಯ ತವರು ನಮ್ಮೂರು ಸೊರಡಿಯೇ, ಬೆಳೆದದ್ದು ಪುಣೆಯಲ್ಲಿ. ನಮ್ಮೂರ ದೊಡ್ಡಾಟ ‘ಇಂದ್ರಾಳದೇವಿ ವನವಾಸ’ವನ್ನು ಸಿನಿಮಾ ಮಾಡುತ್ತಾನಂತೆ. ರಾಣಿಯ ಪಾತ್ರ ಅಂದರೆ ಗಿರಣಿ ಮುರಗೆಪ್ಪನದು, ಹೋಗಿ ಅವನ ಹೆಂಡತಿಯನ್ನು ಕೇಳು ಅಂತ ಯಾರೋ ಹೇಳಿ ಕಳಿಸಿದ್ದಾರೆ.

“ಆಯಿ, ಮುತ್ಯಾ ರಾಣಿ ವ್ಯಾಷಾ ಹಾಕಿದಾಗ ಹ್ಯಾಂಗ ನಡೀತಿದ್ರು, ಹ್ಯಾಂಗ ಕುಂದ್ರತಿದ್ರು, ಸ್ವಲ್ಪ ಹೇಳ್ರಿ.”

“ನನಗೇನ ಗೊತ್ತೋ ಯಪ್ಪಾ? ನಾ ಒಂದ ಸಲಾನೂ ನೋಡಿಲ್ಲ.”

“ಇಷ್ಟ ವರ್ಷ ಸಂಸಾರ ಮಾಡಿ ಒಂದ ಸಲಾನೂ ನೋಡಿಲ್ಲ?”

ನೋಡಿಲ್ಲ. ಆಟದ ಮೊದಲ ಪ್ರವೇಶದಲ್ಲೇ ರಾಜ ಬಂದು ಇಂದ್ರಾಳದೇವಿಗೆ ತಾಳಿ ಕಟ್ಟುತ್ತಾನೆ. ಗಂಡ ಇನ್ನೊಬ್ಬನ ಕೈಯಿಂದ ತಾಳಿ ಕಟ್ಟಿಸಿಕೊಳ್ಳುವುದನ್ನು ಹೆಂಡತಿಯಾದವಳು ನೋಡಬಾರದು ಎಂಬುದು ನಮ್ಮೂರ ಕಟ್ಟಳೆ. ರಾಣಿ ವೇಷದವನ ಹೆಂಡತಿ ಅವತ್ತು ಹೊಸ್ತಿಲು ದಾಟುವ ಹಾಗಿಲ್ಲ. ಇಡೀ ಊರು ಶಾಲೆಯ ಬಯಲಿನಲ್ಲಿ ಕುಳಿತು ನನ್ನ ಗಂಡನನ್ನು ನೋಡುತ್ತಿತ್ತು. ನಾನೊಬ್ಬಳು, ಅಂಗನವಾಡಿಯಲ್ಲಿ ಕಲಿಸುವುದರಿಂದ ಊರಿಗೆಲ್ಲ ‘ಬಾಯಾರು’, ಮನೆಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದೆ. ಆ ರಾಣಿಯ ಸುದ್ದಿ ಬೇಕಾದರೆ ಆ ರಾಣಿಯನ್ನೇ ಕೇಳಲಿ. ಸವತಿಯ ವರ್ಣನೆ ಮಾಡುವ ಹೆಂಗಸು ಎಲ್ಲಾದರೂ ಇದ್ದಾಳೆಯೇ!

ಚಹಾ ಕೊಟ್ಟು ಕಳಿಸಿದೆ. ಉಕ್ಕಿ ಉಳಿದ ಹಾಲಿನದೇ.

ಜನವರಿ ೯, ಗುರುವಾರ

ಸೋಮನಿಂಗಪ್ಪ ಬಂದಿದ್ದ. ಆಟದ ಹಿಮ್ಮೇಳಕ್ಕೆ ಅವನೇ ಮುಂದಾಳು, ನಮ್ಮವರ ಜೀವದ ಗೆಳೆಯ. ಕುಳಿತವನು ಊರ ಸುದ್ದಿಯನ್ನೆಲ್ಲ ಸುತ್ತಿ ಬಳಸಿ ಕೊನೆಗೆ ಬಾಯಿ ಬಿಟ್ಟ.

“ವೈನಿ, ಅಣ್ಣನ ಗೆಜ್ಜಿ ಕೊಡ್ರಿ. ಪುಣೆದಿಂದ ತಂದ ಗೆಜ್ಜಿ ಕೂಸಿನ ಗಿಲಕಿ ಆಗ್ಯಾವು.”

“ಕೊಡೂದಿಲ್ಲ.”

ಮತ್ತೆ ಕೇಳಲಿಲ್ಲ. ಯಾಕೆ ಎಂಬುದು ಅವನಿಗೂ ಗೊತ್ತಿದೆ.

ಎರಡು ವರ್ಷದ ಹಿಂದೆ ಯುಗಾದಿಯ ನಂತರ ನಡೆದದ್ದು ನಮ್ಮವರ ಕೊನೆಯ ಆಟ. ವನವಾಸ ಮುಗಿಸಿ ಬಂದ ರಾಣಿ ಗದ್ದುಗೆ ಏರಬೇಕು, ಅಷ್ಟರಲ್ಲಿ ಸಿಡಿಲು ಮಿಂಚು, ಧೋ ಎಂದು ಮಳೆ. ನಮ್ಮ ಬರದ ಸೀಮೆಯಲ್ಲಿ ಮಳೆ ಬಂದರೆ ಆಟ ನಿಂತಿತು ಅಂತ ಅಳುವವರು ಯಾರು? ಜನ ಮಳೆಯಲ್ಲೇ ಕುಣಿದರಂತೆ. ನಮ್ಮವರು ಸೀರೆ ಎತ್ತಿ ಕಟ್ಟಿಕೊಂಡು, ಮುಖದ ಬಣ್ಣವೆಲ್ಲ ಕೊರಳಿಗಿಳಿದು, ನಗುತ್ತ ಮನೆಗೆ ಬಂದರು. “ಮಂಗಳ ನಾಳಿ ಹಾಡಿದ್ರಾತು ತಗೋ” ಅಂದರು. ನಾಳೆ ಜ್ವರ ಬಂತು. ಆಷಾಢದಲ್ಲಿ ಹೋದರು.

ಆಟದ ಕೊನೆಗೆ ಮಂಗಳ ಹಾಡಿದರೇ ಗೆಜ್ಜೆ ಇಳಿದ ಹಾಗೆ. ಹಾಡದಿದ್ದರೆ ಆಟ ಇನ್ನೂ ನಡೆದಿದೆ ಎಂದೇ ಲೆಕ್ಕ. ಉಳಿದವರ ಗೆಜ್ಜೆಗೆ ಹಿರಿಯರು ಆಮೇಲೆ ಮಂಗಳ ಮಾಡಿಸಿದರು, ಇವರದು ಹಾಗೇ ಉಳಿಯಿತು. ನಮ್ಮ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನಮ್ಮವರ ಆಟ ಇನ್ನೂ ಮುಗಿದಿಲ್ಲ. ಯಾವನೋ ಸಿನಿಮಾದವನಿಗೆ ಅದನ್ನು ಕೊಟ್ಟು, ಅವರು ಮಂಗಳ ಹಾಡಿ ಮುಗಿಸಿಬಿಟ್ಟರೆ? ನನ್ನಿಂದ ಆಗದ ಮಾತು.

ಸವತಿಯ ಪೆಟ್ಟಿಗೆ ಅಂತ ಬೈಯುತ್ತಲೇ ಸೋಮವಾರಕ್ಕೊಮ್ಮೆ ಧೂಳು ಒರೆಸುತ್ತೇನೆ. ಒರೆಸದಿದ್ದರೆ ಹುಳ ಬೀಳುತ್ತದೆ, ಅಷ್ಟೇ.

ಜನವರಿ ೧೪, ಸಂಕ್ರಾಂತಿ

ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ತಟ್ಟುತ್ತಿದ್ದೆ. ಸಿನಿಮಾದ ರಾಣಿ ಕುಸುರೆಳ್ಳು ಹಿಡಿದುಕೊಂಡು ಬಂದಳು. ವಿಜಯಶ್ರೀ ಅಂತ ಹೆಸರು, ಸೋಲಾಪುರದ ಹುಡುಗಿ, ಮನೆಮಾತು ನಮ್ಮದೇ. ಹಾಗಾಗಿ ಒಳಗೆ ಕರೆದೆ. ಇಲ್ಲದಿದ್ದರೆ ಬಾಗಿಲಲ್ಲೇ ಎಳ್ಳು ತೆಗೆದುಕೊಂಡು ಕಳಿಸುತ್ತಿದ್ದೆ.

ನೋಡಲು ಚೆಂದ ಇದ್ದಾಳೆ. ನಮ್ಮವರಿಗಿಂತ ಏನೂ ಹೆಚ್ಚಲ್ಲ ಅಂತ ಕಾಳವ್ವ ಹೇಳುತ್ತಾಳೆ. ಕಾಳವ್ವ ಪಕ್ಕದ ಮನೆಯವಳು, ಒಂದು ಆಟವನ್ನೂ ತಪ್ಪಿಸಿದವಳಲ್ಲ.

ರೊಟ್ಟಿ ಮುಗಿಸಿ ಹೊಸ್ತಿಲಲ್ಲಿ ಕುಳಿತೆ. ಹುಡುಗಿ ನನ್ನನ್ನೇ ಪಿಳಿಪಿಳಿ ನೋಡಿದಳು.

“ಆಯಿ, ಕುಂದ್ರೂ ಮುಂದ ಯಾಕ ಹಂಗ ನೆಲಾ ಬಡದ್ರಿ?”

“ಚೇಳ ಇರತಾವವ್ವಾ. ನನ್ನ ತವರು ದರಿಬಡಚಿ, ಅಲ್ಲಿ ಕಲ್ಲ ಎತ್ತಿದ್ರ ಚೇಳ. ಸಣ್ಣಾಕಿದ್ದಾಗ ಕಡಿಸ್ಕೊಂಡೀನಿ. ಅವತ್ತಿಂದ ಎಲ್ಲೇ ಕುಂತರೂ ಮದಲ ಬಡದ ಕುಂದ್ರೂದು.”

ನಿಜ. ಎಡಗೈ ಅಂಗೈಯಿಂದ ಎರಡು ಸಲ ಬಡಿದು, ಗಳಿಗೆ ತಡೆದು ಕೂರುತ್ತೇನೆ. ಬಸ್ಸಿನ ಸೀಟನ್ನೂ ಬಿಡುವುದಿಲ್ಲ. ನಮ್ಮವರು ಆಡಿಕೊಳ್ಳುತ್ತಿದ್ದರು: “ಏನಬೇ, ಭೂಮ್ತಾಯಿ ಪರವಾನಗಿ ಕೊಟ್ಟಳೇನ?” ಹುಡುಗಿಗೆ ಅದರಲ್ಲೇನು ಕಂಡಿತೋ, ಬಾಯಿ ಮುಚ್ಚಿಕೊಂಡು ನಕ್ಕಳು. ಈಗಿನ ಮಕ್ಕಳಿಗೆ ಹಿರಿಯರೆಂದರೆ ನಗು.

ಆಮೇಲೆ ವನವಾಸದ ಹಾಡು ಹೇಳಿ ತೋರಿಸಿದಳು. ಗಂಟಲು ಒಳ್ಳೆಯದು, ಧಾಟಿ ಪೂರಾ ತಪ್ಪು. ಕೇಳಿ ಸುಮ್ಮನಿರಲು ಆಗಲಿಲ್ಲ. ನೋಡಿಲ್ಲ ನಿಜ, ಆದರೆ ನನಗಿಂತ ಹೆಚ್ಚು ಕೇಳಿದವರು ಯಾರು? ಗಿರಣಿಯ ಪಟ್ಟಿ ಪಟಪಟ ಹೊಡೆಯುವ ಸದ್ದಿನ ಮೇಲೆ ನಮ್ಮವರು ಆ ಹಾಡು ಹೇಳುತ್ತಿದ್ದರು. ಮೈತುಂಬ ಜೋಳದ ಹಿಟ್ಟು, ರೆಪ್ಪೆಯ ಮೇಲೂ ಹಿಟ್ಟು, ಬಾಯಲ್ಲಿ ರಾಣಿಯ ದುಃಖ. ಹಿಟ್ಟು ಬೀಸಿಸಲು ಬಂದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹುಡುಗಿಗೆ ಎರಡು ನುಡಿ ತಿದ್ದಿಕೊಟ್ಟೆ. ನಲವತ್ತು ನುಡಿಯ ಹಾಡಿನಲ್ಲಿ ಸಿನಿಮಾಕ್ಕೆ ನಾಲ್ಕೇ ನುಡಿಯಂತೆ. ಉಳಿದವನ್ನು ಏನು ಮಾಡುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆಯೇ?

ಒಂದು ಮಾತು ಕೇಳಬೇಕೆಂದಿದ್ದೆ, ಮರೆತೆ. ಪ್ರತಿ ವರ್ಷ ಬೆಳಕು ಹರಿಯುವ ಮುಂಚೆ, ಇನ್ನೇನು ಮಂಗಳ ಹಾಡಬೇಕು ಅನ್ನುವಾಗ, ಬಯಲಿನ ಕಡೆಯಿಂದ ಹೋ ಎಂದು ಕೂಗು ಏಳುತ್ತಿತ್ತು. ಸಿಳ್ಳೆ, ಚಪ್ಪಾಳೆ, ನಗು. ದುಃಖದ ಆಟದಲ್ಲಿ ಅಂಥ ನಗು ಏನಿದೆ? ನಮ್ಮವರನ್ನು ಕೇಳಿದರೆ “ಏನಿಲ್ಲ, ಆಟದಾಗಿಂದು” ಅಂದು ಮುಖ ತೊಳೆಯಲು ಹೋಗುತ್ತಿದ್ದರು. ಇವಳಿಗೆ ಗೊತ್ತಿರಬಹುದು.

ಜನವರಿ ೨೨, ಬುಧವಾರ

ನಕ್ಕು ನಕ್ಕು ಪಕ್ಕೆ ನೋಯುತ್ತಿದೆ, ಬರೆಯಲೇಬೇಕು.

ಇವತ್ತು ಶೂಟಿಂಗ್ ಶುರು. ಹಿರಿಯರು ವಿಶೇಷ ಪೂಜೆ ಮಾಡಿಸಿ ಪುಣೆಯ ಗೆಜ್ಜೆಗಳನ್ನೇ ಕಟ್ಟಿಸಿದ್ದರು. ಮಧ್ಯಾಹ್ನ ಅಡುಗೆಮನೆಯಲ್ಲಿದ್ದೆ, ಮಂಗಳದ ಹಾಡು ಕೇಳಿತು. ಇದೇನು, ಬೆಳಗ್ಗೆ ಶುರುವಾದ ಆಟ ಮಧ್ಯಾಹ್ನಕ್ಕೇ ಮುಗಿಯಿತೇ ಅಂದುಕೊಂಡೆ. ಅಷ್ಟರಲ್ಲಿ ಕಾಳವ್ವ ಸೆರಗು ಬಾಯಿಗೆ ತುರುಕಿಕೊಂಡು ಓಡಿ ಬಂದಳು.

ಸಿನಿಮಾದವರು ಕೊನೆಯ ಪ್ರವೇಶವನ್ನು ಮೊದಲು ತೆಗೆಯುತ್ತಾರಂತೆ. ಬಾಡಿಗೆಗೆ ತಂದ ಗದ್ದುಗೆಯನ್ನು ಲಗೂನ ಮರಳಿಸಬೇಕು, ಅದಕ್ಕೆ. ರಾಣಿ ಗದ್ದುಗೆ ಏರಿದಳು, ಸೋಮನಿಂಗಪ್ಪನ ಮೇಳ ಮಂಗಳ ಹಾಡಿತು. ಹಾಡು ಮುಗಿದದ್ದೇ ತಡ, ಎಲ್ಲರೂ ಗೆಜ್ಜೆ ಬಿಚ್ಚಿದರು, ಕಾಯಿ ಒಡೆದರು, ಬಣ್ಣ ತೊಳೆದರು, ಮನೆಗೆ ನಡೆದರು! ರಾಜ ಹೊಲಕ್ಕೆ ನೀರು ಬಿಡಲು ಹೋದ. ಮಂತ್ರಿ ಕುರಿಗಳನ್ನು ಹೊಡೆದುಕೊಂಡು ಸನಮಡಿಯ ದಾರಿ ಹಿಡಿದ.

“ಅಯ್ಯ ಬಾಯಾರ, ಆ ಮಲ್ಲಿನಾಥ ಕ್ಯಾಮೆರಾ ಬಿಟ್ಟು ಬೆನ್ನ ಹತ್ಯಾನ, ‘ಮಾಮಾ ನಿಂದರ್ರಿ, ಇನ್ನಾ ಮದುವಿ ಆಗಬೇಕು’ ಅಂತ. ಸೋಮನಿಂಗಪ್ಪ ಹೊಳ್ಳಿ ಸೈತ ನೋಡಲಿಲ್ಲ. ‘ಮಂಗಳ ಆತು, ಆಟ ಮುಗೀತು. ಇನ್ನ ಬರೂ ಯುಗಾದಿಗೆ’ ಅಂದ!”

ಆಗಲಿ. ನಲವತ್ತು ನುಡಿಗೆ ಕತ್ತರಿ ಹಾಕಿದವರಿಗೆ ಆಟವೇ ಕತ್ತರಿ ಹಾಕಿತು.

ಜನವರಿ ೨೩

ಇವತ್ತೂ ಇಲ್ಲ. ಮಂಗಳ ಹಾಡಿದ ಗೆಜ್ಜೆಯನ್ನು ಯುಗಾದಿಯ ತನಕ ಕಟ್ಟುವ ಹಾಗಿಲ್ಲ ಅಂತ ಹಿರಿಯರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಯುಗಾದಿಯವರೆಗೆ ಕಾಯಲು ವಿಜಯಶ್ರೀಗೆ ಆಗುವುದಿಲ್ಲ, ಬೇರೆ ಕೆಲಸಕ್ಕೆ ಮಾತು ಕೊಟ್ಟಿದ್ದಾಳೆ. ಬಯಲಿನಲ್ಲಿ ಗದ್ದುಗೆ ಒಂದೇ ಬಿಸಿಲಿನಲ್ಲಿ ಕುಳಿತಿದೆಯಂತೆ.

ಜನವರಿ ೨೫, ಶನಿವಾರ

ಮಲ್ಲಿನಾಥ ಮತ್ತು ಸೋಮನಿಂಗಪ್ಪ ಇಬ್ಬರೂ ಬಂದರು. ನನಗೆ ಆಗಲೇ ಗೊತ್ತಾಯಿತು, ಯಾಕೆ ಅಂತ.

“ವೈನಿ, ಮಂಗಳ ಆಗಲಾರದ ಗೆಜ್ಜಿ ಊರಾಗ ಒಂದ ಅದ. ರಾಣಿ ಗೆಜ್ಜಿ ಇನ್ನಾ ಇಳಿದಿಲ್ಲ ಅಂದ್ರ, ಮ್ಯಾಳದವರೂ ಕಟ್ಟಾಕ ಬರತದ ಅಂತಾರ ಹಿರ್ಯಾರು. ಅಣ್ಣನ ಆಟಾನ ಮುಂದ ಸಾಗಿತು ಅಂತ ತಿಳೀರಿ.”

“ಸಾಗಿ ಸಾಗಿ ಕಡೀಕ ಮಂಗಳ ಹಾಡತೀರಿ. ಆಮ್ಯಾಲ?”

ಮಲ್ಲಿನಾಥ ನಿಧಾನವಾಗಿ ಅಂದ: “ಆಯಿ, ನೀವು ಮುತ್ಯಾನ ಆಟ ನೋಡಿಲ್ಲ. ಇದ ಆದ್ರ ನೋಡಬಹುದು. ಮುತ್ಯಾ ಇರೂದಿಲ್ಲ ಖರೆ. ಅವರ ರಾಣಿ ಇರತಾಳ.”

ಎದ್ದು ಒಳಗೆ ಹೋದೆ. ಹೇಳಬಾರದ ಮಾತು ಹೇಳಿದ ಹುಡುಗ. ನೋಡಬೇಕು ಅನ್ನುವ ಆಸೆ ನನಗಿಲ್ಲ ಅಂತ ಯಾರು ಹೇಳಿದರು? ಮದುವೆಯಾಗಿ ಬಂದ ವರ್ಷ, ಆಟದ ದಿನ, ಗೋಡೆಯ ಗೂಡಿನಲ್ಲಿ ಕಿವಿಯಿಟ್ಟು ಕುಳಿತು ಅತ್ತವಳು ನಾನು. ನೋಡಬೇಕು. ಮುಗಿಯಬಾರದು. ಎರಡನ್ನೂ ಬೇಡಿದರೆ ಯಾವ ದೇವರು ಕೊಟ್ಟಾನು?

ಜನವರಿ ೨೭, ಸೋಮವಾರ

ಪೆಟ್ಟಿಗೆ ಇಳಿಸಿದೆ. ಧೂಳು ಒರೆಸಲು ಅಂತಲೇ ಇಳಿಸಿದ್ದು.

ಗೆಜ್ಜೆಯ ಚರ್ಮದಲ್ಲಿ ಇನ್ನೂ ಅವರ ಹಿಮ್ಮಡಿಯ ಬೆವರಿನ ಕಲೆ ಇದೆ. ಕೊಬ್ಬರಿ ಎಣ್ಣೆ ಸವರಿ ಬಿಸಿಲಿಗಿಟ್ಟೆ. ಮಧ್ಯಾಹ್ನದ ಮೇಲೆ ವಿಜಯಶ್ರೀಯನ್ನು ಕರೆಸಿದೆ. ಮಲ್ಲಿನಾಥನಿಗೆ ಮೂರು ಮಾತು ಹೇಳಿದೆ: ಗೆಜ್ಜೆ ನಾನೇ ಕಟ್ಟುವವಳು, ನನ್ನ ಹೊಸ್ತಿಲಲ್ಲಿ. ಇನ್ನು ಮುಂದೆ ಆಟ ಇದ್ದ ಹಾಗೆಯೇ ತೆಗೆಯಬೇಕು, ಮದುವೆ ಮೊದಲು, ಗದ್ದುಗೆ ಕೊನೆಗೆ. ಮಂಗಳ ಹಾಡಬಾರದು.

“ಮಂಗಳ ಇಲ್ಲದ ಸಿನಿಮಾ ಹ್ಯಾಂಗ ಮುಗಸಲಿ, ಆಯಿ?”

“ಅದ ನಿನ್ನ ತಲಿನೋವು. ನಾ ಗೆಜ್ಜಿ ಕೊಟ್ಟಿದ್ದು ಮುಂದ ನಡಸಾಕ, ಮುಗಸಾಕಲ್ಲ.”

ಒಪ್ಪಿದ, ಗದ್ದುಗೆಯ ಬಾಡಿಗೆ ಹೆಚ್ಚಾದರೂ ಆಗಲಿ ಅಂದ. ಹುಡುಗಿ ಹೊಸ್ತಿಲ ಆಚೆ ನಿಂತಳು, ನಾನು ಈಚೆ ಕುಳಿತು ಕಟ್ಟಿದೆ. ಕಾಲು ಸಣ್ಣವು, ಒಂದು ಸುತ್ತು ಹೆಚ್ಚು ಬಿಗಿಯಬೇಕಾಯಿತು. ಕಟ್ಟಿ ಮುಗಿಸಿದ ಮೇಲೆ ಅವಳು ಬಗ್ಗಿ ನಮಸ್ಕಾರ ಮಾಡಿದಳು. “ಚಲೋತ್ನಾಗ ಹೋಗಿ ಬಾರವ್ವಾ” ಅಂದುಬಿಟ್ಟೆ, ತವರಿನಿಂದ ಮಗಳನ್ನು ಕಳಿಸುವ ಹಾಗೆ.

ಗಲ್ಲಿಯುದ್ದಕ್ಕೂ ಆ ಸದ್ದು ಹೋಯಿತು. ಎರಡು ವರ್ಷವಾಗಿತ್ತು ಆ ಸದ್ದು ಕೇಳಿ. ಕುಳಿತಲ್ಲೇ ಕುಳಿತುಬಿಟ್ಟೆ, ಒಲೆ ಹಚ್ಚುವುದನ್ನೂ ಮರೆತೆ.

ಫೆಬ್ರುವರಿ ೨, ರವಿವಾರ

ದಿನಾ ಬೆಳಗ್ಗೆ ಬರುತ್ತಾಳೆ, ಕಟ್ಟಿಸಿಕೊಂಡು ಹೋಗುತ್ತಾಳೆ. ಇವತ್ತು ಹಸಿದು ಬಂದಿದ್ದಳು, ಇಂದ್ರಾಳದೇವಿಗೆ ರೊಟ್ಟಿ ಝುಣಕಾ ಹಾಕಿದೆ. ರಾಣಿಯಾದರೇನು, ಹೊಟ್ಟೆ ಇರುವುದಿಲ್ಲವೇ.

ಫೆಬ್ರುವರಿ ೫

ವನವಾಸದ ಮಳೆಗೆ ಟ್ಯಾಂಕರ್ ನೀರು ತರಿಸಿದ್ದರಂತೆ. ಹೆಂಗಸರು ಕೊಡ ಹಿಡಿದು ಕ್ಯಾಮೆರಾದ ಮುಂದೆಯೇ ಹೋಗಿ ನಿಂತರಂತೆ. ಸರಿಯಾದದ್ದೇ ಆಯಿತು. ನಿಜವಾದ ಮಳೆಗೇ ಆಟ ನಿಂತ ಊರು ಇದು, ಬಾಡಿಗೆ ಮಳೆಗೆ ನಡೆಯುತ್ತದೆಯೇ?

ವಿಜಯಶ್ರೀ ತೋಯ್ದು ನಡುಗುತ್ತ ಬಂದಳು. ನಮ್ಮವರ ಶಾಲು ಹೊದಿಸಿದೆ. ಶುಂಠಿ ಕಷಾಯ ಕುಡಿಸಿದೆ. ನಾಳೆ ಗದ್ದುಗೆಯ ಪ್ರವೇಶ ಅಂತ ಹೇಳಿದಳು. ಆ ಹೋ ಅನ್ನುವ ನಗು ಏನೆಂದು ಕೇಳಿದೆ. “ಸೋಮನಿಂಗಪ್ಪ ಕಾಕಾ ಕಲಿಸ್ಯಾರ, ಹೇಳಬ್ಯಾಡ ಅಂದಾರ” ಅಂದಳು. ಎಲ್ಲರೂ ಒಂದೇ.

ಫೆಬ್ರುವರಿ ೬, ಗುರುವಾರ

ಮುಗಿಯಿತು. ಮಂಗಳ ಹಾಡಲಿಲ್ಲ, ಮಾತು ಉಳಿಸಿಕೊಂಡರು. ಹೊಸ್ತಿಲಲ್ಲಿ ಗೆಜ್ಜೆ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ವಿಜಯಶ್ರೀ ಅತ್ತಳು. ನಾನು ಅಳಲಿಲ್ಲ, ರೊಟ್ಟಿ ಕಟ್ಟಿಕೊಟ್ಟೆ.

ಮನೆ ಭಣಭಣ.

ನವೆಂಬರ್ ೧೬, ರವಿವಾರ

ಇಷ್ಟು ದಿನ ಬರೆದಿರಲಿಲ್ಲ, ಬರೆಯುವಂಥದ್ದು ಇರಲಿಲ್ಲ. ಇವತ್ತು ಇದೆ.

ಮಲ್ಲಿನಾಥ ಸಿನಿಮಾ ಮುಗಿಸಿ ಮೊದಲು ನಮ್ಮೂರಿಗೇ ತಂದ. ಶಾಲೆಯ ಬಯಲಿನಲ್ಲಿ ಸಂಜೆ ಪರದೆ ಕಟ್ಟಿದರು. ಪೆಟ್ಟಿಗೆಯನ್ನೂ ತನ್ನಿರಿ ಅಂತ ಸೋಮನಿಂಗಪ್ಪ ಹೇಳಿ ಕಳಿಸಿದ್ದ. ಯಾಕೆ ಅಂತ ಕೇಳಲಿಲ್ಲ. ಹೊಸ್ತಿಲಲ್ಲಿ ನಿಂತೆ, ಕಾಲು ಏಳಲಿಲ್ಲ. ಕಾಳವ್ವ ರಟ್ಟೆ ಹಿಡಿದು ಎಳೆದಳು: “ತಾಳಿ ಕಟ್ಟಿಸ್ಕೊಳ್ಳಾಕಿ ಸೋಲಾಪುರದ ಹುಡುಗಿ. ನಿನ್ನ ಗಂಡ ಅಲ್ಲ, ನಡಿ!”

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ತಾಳಿ ಕಟ್ಟುವಾಗ ಕಣ್ಣು ಮುಚ್ಚಿಕೊಂಡೆ, ಯಾವುದಕ್ಕೂ ಇರಲಿ ಅಂತ.

ಸಿನಿಮಾ ಹೇಗಿದೆ? ನಿಜ ಹೇಳಬೇಕೆಂದರೆ, ಹೊಟ್ಟೆ ಉರಿಯುವಂಥದ್ದೂ ಇದೆ. ನಲವತ್ತು ನುಡಿ ಕೊನೆಗೂ ನಾಲ್ಕೇ. ರಾಜನ ಕಿರೀಟ ಚಿಕ್ಕದಾಗಿದೆ, ಭುಜಕೀರ್ತಿ ಇಲ್ಲವೇ ಇಲ್ಲ, ಮಾಲೆ ಹಾಕಿದ ಪಂಚಾಯತಿ ಸರಪಂಚರ ಹಾಗೆ ಕಾಣುತ್ತಾನೆ. ಮದ್ದಳೆ ಇರಬೇಕಾದಲ್ಲಿ ಏನೋ ಕೊಯ್ಯ್ ಅನ್ನುವ ವಾದ್ಯ. ಜನ ಬಿದ್ದು ಬಿದ್ದು ನಗುತ್ತಿದ್ದ ದೂತನ ಪಾತ್ರವನ್ನೇ ಕಿತ್ತು ಹಾಕಿದ್ದಾರೆ, ಆ ಪಾತ್ರದ ತಮ್ಮಣ್ಣ ಎದ್ದು ಮನೆಗೆ ಹೋದ. ಆದರೆ ದರಿಬಡಚಿಯ ಗುಡ್ಡದಲ್ಲಿ ನಮ್ಮ ಇಂದ್ರಾಳದೇವಿ ಒಬ್ಬಳೇ ನಡೆಯುವಾಗ, ಪರದೆಯ ತುಂಬ ಅವಳ ಮುಖವೊಂದೇ ಬಂತು. ಕಣ್ಣಿನಿಂದ ಹೊರಟ ನೀರು ಗಲ್ಲಕ್ಕೆ ಇಳಿಯುವುದು ಕಾಣಿಸಿತು. “ಅಣ್ಣನೂ ಹಿಂಗ ಅಳತಿದ್ನೋ ಏನೋ, ಹಿಂದ ಕುಂತವರಿಗೆ ನಮಗೆಲ್ಲಿ ಕಾಣಬೇಕು” ಅಂದಳು ಕಾಳವ್ವ. ನಾಲ್ಕು ನುಡಿಯಲ್ಲಿ ಎರಡು ನಾನು ತಿದ್ದಿಕೊಟ್ಟವು. ಅವು ಗಿರಣಿಯ ಧಾಟಿಯಲ್ಲೇ ಬಂದವು.

ಕೊನೆಗೆ ಗದ್ದುಗೆ. ಅವಳನ್ನು ಕಾಡಿಗೆ ಕಳಿಸಿದ್ದ ರಾಜ ಕೈಮುಗಿದು ತಪ್ಪಾಯಿತು ಅಂದ. ನನ್ನ ಸುತ್ತಲಿನವರು ಪರದೆ ಬಿಟ್ಟು ನನ್ನನ್ನು ನೋಡುತ್ತಿದ್ದರು. ಇಂದ್ರಾಳದೇವಿ ಮೆಟ್ಟಿಲು ಹತ್ತಿದಳು, ಬಲಗೈಯಲ್ಲಿ ಸೆರಗು ಹಿಡಿದಳು, ಬಗ್ಗಿದಳು. ಎಡಗೈ ಅಂಗೈಯಿಂದ ಗದ್ದುಗೆಯನ್ನು ಎರಡು ಸಲ ಬಡಿದಳು. ಗಳಿಗೆ ತಡೆದಳು. ಆಮೇಲೆ ಕುಳಿತಳು.

ಹೋ!

ಅದೇ ಕೂಗು. ಅದೇ ಸಿಳ್ಳೆ, ಅದೇ ನಗು. ಮನೆಯಲ್ಲಿ ಕುಳಿತವಳಿಗೆ ಬರೀ ಹೋ ಅಂತ ಕೇಳುತ್ತಿದ್ದದ್ದು, ಇಲ್ಲಿ ಮಾತಾಗಿ ಕೇಳಿತು. “ಬಾಯಾರು ಕುಂತ್ರೋ! ಬಾಯಾರು ಕುಂತ್ರು!”

ಕಾಳವ್ವನ ಮೊಣಕೈ ಹಿಡಿದು ಜಗ್ಗಿದೆ.

“ಕಾಳವ್ವಾ, ಏನಿದು?”

“ಇನ್ನೇನ? ನೀನಽ. ನಡಿಗಿ ನಿಂದು, ಸೆರಗ ಹಿಡಿಯೂದು ನಿಂದು, ಸಿಟ್ಟ ಬಂದ್ರ ಮೂಗ ಏರಸೂದೂ ನಿಂದಽ. ಅಣ್ಣ ಎಲ್ಲಾ ನಿನ್ನ ಕಡಿಂದ ಕದ್ದಿದ್ದ. ಊರಿಗೆಲ್ಲಾ ಆಣಿ ಹಾಕಿದ್ದ, ಬಾಯಾರಿಗೆ ಯಾರೂ ಹೇಳಬ್ಯಾಡ್ರಿ, ಗೊತ್ತಾದ್ರ ನಾಳಿಂದ ಬಡಿಯೂದ ಬಿಡತಾಳ ಅಂತ.”

ಮೋಸಗಾರ! ಹುಡುಗಿಯರಿಂದ ಮುದುಕಿಯರ ತನಕ ಇಡೀ ಊರಿಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಹಿಟ್ಟಿನ ಡಬ್ಬಿ ತಲೆಯ ಮೇಲೆ ಸುರಿಯುತ್ತಿದ್ದೆ. ಸಿಟ್ಟಿನಲ್ಲೇ ಅಳು ಬಂತು. ನಿಲ್ಲಿಸಲು ಆಗಲಿಲ್ಲ, ನಿಲ್ಲಿಸಲೂ ಇಲ್ಲ. ನಾನು ಮನೆಯಲ್ಲಿ ಒಬ್ಬಳೇ ಕುಳಿತಿದ್ದೇನೆ ಅಂದುಕೊಂಡ ಅಷ್ಟೂ ವರ್ಷ ಅವರು ನನ್ನನ್ನು ಇಲ್ಲಿ ತಂದು, ಇಡೀ ಊರಿನ ಮುಂದೆ ಗದ್ದುಗೆಯ ಮೇಲೆ ಕೂರಿಸುತ್ತಿದ್ದರು.

ಸಿನಿಮಾ ಅಲ್ಲಿಗೇ ನಿಂತಿತು. ಪರದೆ ಬೆಳ್ಳಗಾಯಿತು. ಮಂಗಳ ಇಲ್ಲದ್ದರಿಂದ ಜನ ಏಳಲಿಲ್ಲ, ಹಾಗೇ ಕುಳಿತರು. ಸೋಮನಿಂಗಪ್ಪ ಪರದೆಯ ಮುಂದೆ ಬಂದು ನನ್ನ ಕಡೆ ತಿರುಗಿ ನಿಂತ.

ಪೆಟ್ಟಿಗೆ ತೆರೆದೆ. ಗೆಜ್ಜೆ ತೆಗೆದುಕೊಂಡು ಹೋಗಿ ಅವನ ಮುಂದೆ ನೆಲದ ಮೇಲಿಟ್ಟೆ.

“ಹಾಡ್ರಿ.”

“ವೈನಿ, ವಿಚಾರ ಮಾಡಿ ಹೇಳ್ರಿ.”

“ಎರಡ ವರ್ಷ ನಿಂತ ನಿಂತ ಅವರ ಕಾಲ ಸೋತಿರಬೇಕು. ಹಾಡ್ರಿ.”

ಹಾಡಿದರು. ಇಡೀ ಬಯಲು ಎದ್ದು ನಿಂತು ಹಾಡಿತು. ನಾನೂ ಹಾಡಿದೆ. ಗೋಡೆಯ ಈಚೆಯಿಂದ ಕೇಳಿ ಕಲಿತದ್ದು, ಒಂದು ಅಕ್ಷರ ತಪ್ಪಲಿಲ್ಲ. ಕಾಯಿ ಒಡೆದರು, ಗೆಜ್ಜೆಗೆ ಭಸ್ಮ ಹಚ್ಚಿ ಕೈಗೆ ಕೊಟ್ಟರು. ಬರುವ ಯುಗಾದಿಗೆ ಯಾರಾದರೂ ಕಟ್ಟಲಿ. ಪೆಟ್ಟಿಗೆಗೆ ಬೀಗ ಹಾಕಿಲ್ಲ.

ಮನೆಗೆ ಬಂದೆ. ಚಪ್ಪಲಿ ಬಿಚ್ಚಿ ಹೊಸ್ತಿಲಲ್ಲಿ ಕೂರಲು ಬಗ್ಗಿದೆ. ಎಡಗೈ ತಾನೇ ಮುಂದೆ ಹೋಗಿತ್ತು. ಗಳಿಗೆ ತಡೆದೆ. ನೋಡ್ರಿ, ಈಗ ನನಗೆ ಗೊತ್ತಾಗಿದೆ. ಗೊತ್ತಾದರೂ ಬಡಿದೇ ಕುಳಿತೆ.